ಮದುಮಗಳು ಬಸ್ಸು ಹತ್ತುವ ರಸ್ತೆ

ಲಂಡನ್ನಿನ ಸ್ಲೋನ್ ಸ್ಕ್ವೇರ್ ಸ್ಟೇಷನ್ನಿನಿಂದ ಹೊರಬಿದ್ದು ಕಿಂಗ್ಸ್ ರೋಡ್ ಹಿಡಿದು ನಡೆಯುತ್ತ ಹೋದರೆ ಎಡಗಡೆಗೆ ಚೆಲ್ಸಿ ಓಲ್ಡ್ ಟೌನ್ ಹಾಲ್ ಸಿಗುತ್ತದೆ. ಹಳೆಯ ಪುರಭವನ. ಅದರಲ್ಲೇ ಒಂದು ಕಡೆ ಮದುವೆ ನೋಂದಣಿ ಕಚೇರಿ. ನಮ್ಮೂರ ಸಬ್ ರಿಜಿಸ್ಟ್ರಾರ್ ಆಫೀಸನ್ನೂ ಅದರ ಮುಂದಿನ ಜೆರಾಕ್ಸ್ ಅಂಗಡಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇದು ತೀರಾ ಚೆಲುವಾಗಿ ಕಾಣುತ್ತದೆ. ಬಾಗಿಲ ಮುಂದೆ ಕೆಲವು ಕಲ್ಲಿನ ಮೆಟ್ಟಿಲು, ಮೆಟ್ಟಿಲಿಳಿದರೆ ಫುಟ್‌ಪಾತು, ಅದರಾಚೆ ಬಸ್ಸುಗಳು. ನಡುವೆ ಕಾಂಪೌಂಡಿಲ್ಲ, ಶಾಮಿಯಾನವಿಲ್ಲ. ಮದುವೆ ಮುಗಿಸಿ ಬಂದವರು ಎರಡೇ ನಿಮಿಷದಲ್ಲಿ ತರಕಾರಿ ಚೀಲ ಹಿಡಿದವರ ನಡುವೆ ನಿಂತಿರುತ್ತಾರೆ.

ಏಪ್ರಿಲ್ ತಿಂಗಳ ಒಂದು ಶನಿವಾರ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದದ್ದು ಅಕ್ಕನ ಮಗಳು. ಶಿವಮೊಗ್ಗದ ಹುಡುಗಿ, ಓದಲು ಬಂದವಳು ಕೆಲಸ ಹಿಡಿದು ಇಲ್ಲೇ ಉಳಿದಿದ್ದಾಳೆ. ಮದುವೆ ಗೊತ್ತಾಗಿದೆ. ಲಂಡನ್ನಿನಲ್ಲಿ ರಿಜಿಸ್ಟರ್, ಆಮೇಲೊಂದು ಔತಣ, ಅದಾದ ಮೇಲೆ ಊರಿನಲ್ಲಿ ಧಾರೆ. ಊರಿನ ಧಾರೆ ಸೀರೆಯ ವಿಚಾರ ಅಕ್ಕನ ಸುಪರ್ದಿಗೆ ಸೇರಿದ್ದು, ಅದರಲ್ಲಿ ಯಾರೂ ಬಾಯಿ ಹಾಕುವಂತಿಲ್ಲ. ಉಳಿದ ಎರಡಕ್ಕೆ ಏನು ಉಡುವುದು ಎನ್ನುವುದೇ ತಕರಾರು. “ಅಂಗಡಿ ಗಾಜಿನಲ್ಲಿ ಎಲ್ಲ ಚಂದಾನೇ ಕಾಣುತ್ತೆ ಚಿಕ್ಕಮ್ಮ. ನಡೆಯೋವಾಗ ಹೇಗೆ ಕಾಣುತ್ತೆ ನೋಡೋಣ ಬಾ” ಎಂದಳು. ಎದುರು ಫುಟ್‌ಪಾತಿನಲ್ಲಿ ಕಾಫಿ ಹಿಡಿದು ನಿಂತೆವು. ಪರರ ಮದುವೆ ನೋಡಲು ಕರೆಯೋಲೆ ಬೇಡದ ಜಾಗ ಅದು.

ಮೊದಲು ಇಳಿದವಳದ್ದು ನೆಲ ಗುಡಿಸುವ ಬಿಳಿ ಗೌನು. ಹಿಂದೆ ಹರಿದ ಅದರ ಬಾಲವನ್ನು ಗೆಳತಿಯರಿಬ್ಬರು ಎತ್ತಿಹಿಡಿದಿದ್ದರು. ಫುಟ್‌ಪಾತಿಗೆ ಬಂದದ್ದೇ ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಇಬ್ಬರೂ ಮುಖ ಮುಖ ನೋಡಿಕೊಂಡರು. ನಾಯಿ ಹಿಡಿದು ಬಂದ ಅಜ್ಜನೊಬ್ಬ ದಾರಿಗಾಗಿ ಸೌಜನ್ಯದಿಂದ ಕಾಯುತ್ತ ನಿಂತ. ಎರಡನೆಯವಳಿಗೆ ನಲವತ್ತು ದಾಟಿರಬೇಕು. ಕೆನೆ ಬಣ್ಣದ ಕೋಟು, ಪ್ಯಾಂಟು, ಕೆಂಪು ತುಟಿ. ಅವಳನ್ನು ನೋಡಿ ಸುಮ್ಮನೆ ತಲೆಬಾಗಬೇಕೆನಿಸಿತು.

ಮೂರನೆಯವಳನ್ನು ಮಾತ್ರ ಇಬ್ಬರೂ ಬಿಟ್ಟಕಣ್ಣು ಬಿಟ್ಟಂತೆ ನೋಡಿದೆವು. ಮೀನಖಂಡದವರೆಗೆ ಬರುವ ಬಿಳಿ ಉಡುಪು, ಬಟ್ಟೆ ಗರಿಗರಿಯಾಗಿ ನಿಲ್ಲುವಂಥದ್ದು. ಮೊಣಕೈವರೆಗಿನ ಗಿಡ್ಡ ಮುಸುಕು. ಗಾಳಿ ಚಳಿಯೆಂದು ಮೇಲೊಂದು ಡೆನಿಮ್ ಜಾಕೆಟ್ಟು, ಅದರ ಬೆನ್ನಿಗೆ ಬಿಳಿ ದಾರದ ಕಸೂತಿ ಹೂವು. ಕಾಲಲ್ಲಿ ಕ್ಯಾನ್ವಾಸ್ ಶೂ; ಲೇಸು ತೆಗೆದು ಅದರ ಜಾಗಕ್ಕೆ ಸ್ಯಾಟಿನ್ ರಿಬ್ಬನ್ ಪೋಣಿಸಿದ್ದಳು. ಇಪ್ಪತ್ತೆರಡನೇ ನಂಬರಿನ ಬಸ್ಸು ಹಾದಾಗ ಮುಸುಕು ಹಾರಿತು. ನಮ್ಮ ಹುಡುಗಿಯರು ದುಪಟ್ಟಾ ಒತ್ತಿಹಿಡಿಯುವ ಹಾಗೆಯೇ ಒಂದು ಕೈಯಲ್ಲಿ ಹಿಡಿದುಕೊಂಡಳು, ಮಾತು ನಿಲ್ಲಿಸಲಿಲ್ಲ. ಫೋಟೋ ಮುಗಿದ ಮೇಲೆ ಆ ಗುಂಪು ರಸ್ತೆ ದಾಟಿ ಬಸ್ ಸ್ಟಾಪಿಗೆ ಬಂತು. ಮದುಮಗಳು ಜಾಕೆಟ್ಟಿನ ಜೇಬಿನಿಂದ ಕಾರ್ಡು ತೆಗೆದು ಯಂತ್ರಕ್ಕೆ ಮುಟ್ಟಿಸಿ ಬಸ್ಸು ಹತ್ತಿದಳು.

“ಜೇಬು ನೋಡಿದ್ಯಾ?” ಎಂದಳು ನಮ್ಮ ಹುಡುಗಿ. ಅವಳ ಕಣ್ಣು ಬಿದ್ದದ್ದು ಅಲ್ಲಿಗೆ. ನಾನು ನೋಡುತ್ತಿದ್ದದ್ದು ಶೂ.

ಬೀದಿಯ ಫ್ಯಾಷನ್ ಮದುವೆ ಉಡುಪಿಗೆ ಇಳಿದಿದೆ ಎಂದು ಪ್ರತಿ ವಸಂತದಲ್ಲೂ ಪತ್ರಿಕೆಗಳು ಬರೆಯುತ್ತವೆ. ವಿನ್ಯಾಸಕಾರರು ಬೀದಿಯಲ್ಲಿ ಹುಡುಗ ಹುಡುಗಿಯರನ್ನು ನೋಡುತ್ತಾರೆ, ಸ್ಟುಡಿಯೋಗೆ ಹೋಗಿ ಗೀಚುತ್ತಾರೆ, ರ‍್ಯಾಂಪಿನ ಮೇಲೆ ತರುತ್ತಾರೆ ಎನ್ನುವ ಕತೆ. ಅದು ಅರ್ಧ ಮಾತ್ರ ಸರಿ ಎಂದು ಆ ಮೆಟ್ಟಿಲ ಎದುರು ನಿಂತಾಗ ಅನಿಸಿತು. ಬೀದಿ ಉಡುಪಿಗೆ ಬರುವ ಮೊದಲು ಮದುವೆಯೇ ಬೀದಿಗೆ ಬಂದಿತ್ತು.

ಪುರಭವನದ ಎದುರಿಗೇ ಸಿಡ್ನಿ ಸ್ಟ್ರೀಟ್ ಶುರುವಾಗುತ್ತದೆ. ಅದರಲ್ಲಿ ಸ್ವಲ್ಪ ನಡೆದರೆ ಸೇಂಟ್ ಲ್ಯೂಕ್ಸ್ ಚರ್ಚು. ಚಾರ್ಲ್ಸ್ ಡಿಕನ್ಸ್ 1836ರ ಏಪ್ರಿಲ್ 2ರಂದು ಕ್ಯಾಥರೀನ್ ಹೊಗಾರ್ತಳನ್ನು ಮದುವೆಯಾದದ್ದು ಇಲ್ಲಿ. ಆಗ ಇಂಗ್ಲೆಂಡಿನಲ್ಲಿ ಕಾನೂನಿಗೆ ಒಪ್ಪುವ ಮದುವೆಯಾಗಬೇಕೆಂದರೆ, ಯಹೂದಿಗಳನ್ನೂ ಕ್ವೇಕರರನ್ನೂ ಬಿಟ್ಟು ಎಲ್ಲರೂ ಆಂಗ್ಲಿಕನ್ ಚರ್ಚಿಗೇ ಹೋಗಬೇಕಿತ್ತು. ಅದೇ ವರ್ಷ ಹೊಸ ವಿವಾಹ ಕಾಯಿದೆ ಬಂತು, 1837ರಿಂದ ನೋಂದಣಿ ಕಚೇರಿಯಲ್ಲೂ ಮದುವೆಯಾಗಬಹುದಾಯಿತು. ಡಿಕನ್ಸ್ ಒಂದೆರಡು ವರ್ಷ ತಡಮಾಡಿದ್ದರೆ ಅವನಿಗೂ ಆ ಆಯ್ಕೆಯಿರುತ್ತಿತ್ತು.

ಚರ್ಚಿನೊಳಗೆ ಹೋಗಿ ನಡುವಿನ ಹಾದಿಯಲ್ಲಿ ನಿಂತು ನೋಡಿದೆ. ಉದ್ದನೆಯ ಹಾದಿ, ಎರಡೂ ಬದಿಗೆ ಬೆಂಚು, ತಲೆಯೆತ್ತಿದಷ್ಟೂ ಎತ್ತರದ ಚಾವಣಿ. ಬೆಂಚಿನಲ್ಲಿ ಕೂತವರಿಗೆ ಮದುವೆಯ ಹೊತ್ತಿನುದ್ದಕ್ಕೂ ಕಾಣುವುದು ಮದುಮಗಳ ಬೆನ್ನು. ಅದಕ್ಕೇ ಗೌನಿನ ಕುಶಲವೆಲ್ಲ ಹಿಂದುಗಡೆ: ಸಾಲು ಗುಂಡಿ, ಉದ್ದ ಮುಸುಕು, ಗಜಗಟ್ಟಲೆ ಬಾಲ. ನಮ್ಮ ಮಂಟಪದಲ್ಲಿ ಹೆಣ್ಣು ಗಂಟೆಗಟ್ಟಲೆ ಕೂತೇ ಇರುತ್ತಾಳೆ. ಹಾಗಾಗಿ ಒಡವೆಯೆಲ್ಲ ಸೊಂಟದಿಂದ ಮೇಲಕ್ಕೆ, ವಂಕಿ, ಜಡೆನಾಗರ, ಬೈತಲೆಬೊಟ್ಟು, ಮೊಣಕೈವರೆಗೆ ಮದರಂಗಿ. ಪಾದಕ್ಕೆ ಕಾಲುಂಗುರ ತೊಡಿಸುವ ಒಂದು ಗಳಿಗೆ ಬಿಟ್ಟರೆ ಯಾರೂ ಅತ್ತ ನೋಡುವುದಿಲ್ಲ. ಕಿಂಗ್ಸ್ ರೋಡಿನ ಮೆಟ್ಟಿಲ ಮೇಲಿನವಳು ಕೂರುವುದೂ ಇಲ್ಲ, ಬೆನ್ನು ತೋರಿಸುವುದೂ ಇಲ್ಲ. ಅವಳು ಕ್ಯಾಮೆರಾಕ್ಕೆ ಎದುರಾಗಿ ಇಳಿದು ಬರುತ್ತಾಳೆ. ಕಣ್ಣು ಕಾಲಿನ ಕಡೆ ಹೋಗದೆ ಇನ್ನೆಲ್ಲಿಗೆ ಹೋದೀತು? ಉಡುಪು ಗಿಡ್ಡವಾಗಿದ್ದು, ಶೂಗೆ ಮಾನ ಬಂದದ್ದು ಅಲ್ಲಿಂದ.

ಬಿಳಿ ಬಣ್ಣದ ಮದುವೆ ಉಡುಪು ಕೂಡ ಜನ ಅಂದುಕೊಂಡಷ್ಟು ಹಳೆಯದಲ್ಲ. 1840ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ರಾಣಿ ಸ್ಪಿಟಲ್‌ಫೀಲ್ಡ್ಸ್ ರೇಷ್ಮೆಯ ಬಿಳಿ ಗೌನಿಗೆ ಹೊನಿಟನ್ ಲೇಸು ಹಚ್ಚಿ ತೊಟ್ಟ ಮೇಲೆ ಅದಕ್ಕೆ ಗತ್ತು ಬಂತು. ಅದಕ್ಕೂ ಮೊದಲು, ಅದಾದ ಮೇಲೂ ಬಹುಕಾಲ, ಸಾಮಾನ್ಯ ಮನೆಯ ಹುಡುಗಿ ಇದ್ದುದರಲ್ಲಿ ಒಳ್ಳೆಯ ಬಣ್ಣದ ಬಟ್ಟೆ ತೊಟ್ಟು ಮದುವೆಯಾಗಿ, ಮುಂದೆ ವರ್ಷಗಟ್ಟಲೆ ಭಾನುವಾರಗಳಲ್ಲಿ ಅದನ್ನೇ ತೊಡುತ್ತಿದ್ದಳು. ಒಂದೇ ದಿನ ತೊಟ್ಟು ಪೆಟ್ಟಿಗೆಗೆ ಸೇರಿಸುವ ಬಟ್ಟೆ ಉಳ್ಳವರ ಹಟ. ಎರಡನೇ ಮಹಾಯುದ್ಧದಲ್ಲಿ ಬಟ್ಟೆಗೂ ಪಡಿತರ ಬಂದಾಗ ಎರವಲು ತಂದ ಗೌನಿನಲ್ಲಿ, ಪ್ಯಾರಾಚೂಟ್ ರೇಷ್ಮೆಯಲ್ಲಿ ಮದುವೆಗಳು ನಡೆದವು. ಯುದ್ಧ ಮುಗಿದು 1947ರ ನವೆಂಬರಿನಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯಾದಾಗಲೂ ಪಡಿತರ ಚೀಟಿ ತಪ್ಪಿರಲಿಲ್ಲ. ಸರ್ಕಾರ ಅವಳಿಗೆ 200 ಕೂಪನ್ನು ಹೆಚ್ಚಾಗಿ ಕೊಟ್ಟಿತು. ಆ ಗೌನು ಹೊಲಿಸಿದ ನಾರ್ಮನ್ ಹಾರ್ಟ್‌ನೆಲ್ ಹೂಬಳ್ಳಿಗಳ ಕಲ್ಪನೆ ಪಡೆದದ್ದು ಬೊಟಿಚೆಲ್ಲಿಯ ‘ಪ್ರಿಮವೇರಾ’ ಚಿತ್ರದಿಂದ, ಅಂದರೆ ವಸಂತದಿಂದ. ನವೆಂಬರಿನ ಚಳಿಯಲ್ಲಿ ಮೈಮೇಲೆ ವಸಂತ ಹೊತ್ತು ನಡೆದ ಮದುಮಗಳು. ಬೀದಿಯಲ್ಲಿ ನಿಂತು ನೋಡಿದವರ ಮೈಮೇಲೆ ಹಳೇ ಕೋಟು.

ಮತ್ತೆ ಕಿಂಗ್ಸ್ ರೋಡಿಗೆ ಬಂದೆವು. ಮೇರಿ ಕ್ವಾಂಟ್ 1955ರಲ್ಲಿ ‘ಬಜಾರ್’ ಎಂಬ ಅಂಗಡಿ ತೆರೆದದ್ದು ಇದೇ ರಸ್ತೆಯಲ್ಲಿ. ಮಿನಿಸ್ಕರ್ಟಿನ ಹೆಸರಿನ ಜೊತೆ ಅವಳ ಹೆಸರು ಅಂಟಿಕೊಂಡಿದೆ. ಆದರೆ ಅದನ್ನು ಕಂಡುಹಿಡಿದವಳು ತಾನಲ್ಲ, ಇನ್ನೂ ಗಿಡ್ಡ ಮಾಡು ಎಂದು ಕಾಡುತ್ತಿದ್ದ ಕಿಂಗ್ಸ್ ರೋಡಿನ ಹುಡುಗಿಯರು ಎಂದು ಅವಳೇ ಹೇಳುತ್ತಿದ್ದಳು. ಓಡಿಹೋಗಿ ಬಸ್ಸು ಹಿಡಿಯಲು ಆಗುವಂಥ ಬಟ್ಟೆ ಬೇಕೆನ್ನುವುದು ಅವಳ ವಾದ. ಬಸ್ಸಿಗೆ ಓಡುವ ಆ ಹುಡುಗಿಯರೇ ಮದುವೆ ವಯಸ್ಸಿಗೆ ಬಂದಾಗ ಅದೇ ರಸ್ತೆಯ ಕಚೇರಿಯ ಮೆಟ್ಟಿಲು ಹತ್ತಿದರು. 1968ರ ಜನವರಿಯಲ್ಲಿ ನಟಿ ಶೆರನ್ ಟೇಟ್ ಇಲ್ಲಿ ಮದುವೆಯಾದಾಗ ತೊಟ್ಟದ್ದು ಕೆನೆ ಬಣ್ಣದ ಗಿಡ್ಡ ಫ್ರಾಕು, ಉಬ್ಬು ತೋಳು, ತಲೆಗೆ ಹೂವು. ಆ ಫೋಟೋ ಈಗಲೂ ಮದುಮಗಳಂದಿರ ಫೋನಿನಲ್ಲಿ ಓಡಾಡುತ್ತದೆ. ಅಕ್ಕನ ಮಗಳ ಫೋನಿನಲ್ಲೂ ಇತ್ತು.

ಮರುವರ್ಷದ ಮಾರ್ಚ್ ತಿಂಗಳೊಂದರಲ್ಲೇ ನೋಡಿ. 12ನೇ ತಾರೀಕು ಲಂಡನ್ನಿನ ಮ್ಯಾರಿಲ್‌ಬನ್ ನೋಂದಣಿ ಕಚೇರಿಯಲ್ಲಿ ಪಾಲ್ ಮೆಕಾರ್ಟ್ನಿಯ ಕೈಹಿಡಿದ ಲಿಂಡಾ ಹಳದಿ ಕೋಟು ತೊಟ್ಟಿದ್ದಳು. 20ನೇ ತಾರೀಕು ಜಿಬ್ರಾಲ್ಟರಿನಲ್ಲಿ ಜಾನ್ ಲೆನನ್‌ನನ್ನು ಮದುವೆಯಾದ ಯೋಕೋ ಓನೋ ಬಿಳಿ ಗಿಡ್ಡ ಉಡುಪು, ಅಗಲ ಅಂಚಿನ ಹ್ಯಾಟು, ಮೊಣಕಾಲುದ್ದದ ಕಾಲುಚೀಲ ಮತ್ತು ಟೆನಿಸ್ ಶೂ ತೊಟ್ಟಿದ್ದಳು. ಐವತ್ತು ವರ್ಷ ಕಳೆದ ಮೇಲೆ ಮದುವೆಗೆ ಸ್ನೀಕರ್ ಎಂದು ಪತ್ರಿಕೆಗಳು ಹೊಸ ಸುದ್ದಿಯ ಹಾಗೆ ಬರೆಯುವಾಗ ನನಗೆ ನಗು ಬರುವುದು ಇದಕ್ಕೇ.

ಕಿಂಗ್ಸ್ ರೋಡ್ ಉದ್ದವಾಗಿದೆ. ಅಂಗಡಿಗಳ ಝಗಮಗ ಕಡಿಮೆಯಾಗುತ್ತ ಬಂದು ರಸ್ತೆ ತಿರುಗುವ ಕಡೆ ವರ್ಲ್ಡ್ಸ್ ಎಂಡ್ ಎಂಬ ಜಾಗ. 430ನೇ ನಂಬರಿನ ಅಂಗಡಿಯ ನೆತ್ತಿಯಲ್ಲಿ ದೊಡ್ಡದೊಂದು ಗಡಿಯಾರ. ಅದರಲ್ಲಿ 13 ಗಂಟೆ, ಮುಳ್ಳು ತಿರುಗುವುದು ಹಿಂದಕ್ಕೆ. ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಮ್ ಮೆಕ್‌ಲಾರೆನ್ 1971ರಲ್ಲಿ ಇಲ್ಲಿ ‘ಲೆಟ್ ಇಟ್ ರಾಕ್’ ಎಂದು ಶುರುಮಾಡಿ, ಮೂಡಿಗೆ ತಕ್ಕಂತೆ ಅಂಗಡಿಯ ಹೆಸರು ಬದಲಿಸುತ್ತ ಹೋದರು. ಹರಿದ ಅಂಗಿ, ಪಿನ್ನು, ಸರಪಳಿಗಳ ಪಂಕ್ ವೇಷ ಇಲ್ಲಿಂದ ಹೊರಟಿತು. ಮುಂದೆ ಇದೇ ರಸ್ತೆಯಲ್ಲಿ ಬಣ್ಣದ ಜುಟ್ಟಿನ ಪಂಕ್ ಹುಡುಗರು ಫೋಟೋಗೆ ದುಡ್ಡು ಕೇಳುವ ಕಾಲವೂ ಬಂತು. ಅವರ ಚಿತ್ರದ ಪೋಸ್ಟ್‌ಕಾರ್ಡುಗಳನ್ನು ಪ್ರವಾಸಿಗಳು ಕೊಂಡರು. ಸಿಟ್ಟಿನಲ್ಲಿ ಹುಟ್ಟಿದ ವೇಷ ಸರಕಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಅದೇ ವೆಸ್ಟ್‌ವುಡ್ ಹದಿನೆಂಟನೇ ಶತಮಾನದ ಕಾರ್ಸೆಟ್ಟನ್ನು ಒಳಉಡುಪಿನಿಂದ ಹೊರಉಡುಪು ಮಾಡಿದಳು, ಸ್ಕಾಟ್ಲೆಂಡಿನ ಚೌಕುಳಿ ಬಟ್ಟೆಯಲ್ಲಿ ರಾಣಿಯರನ್ನು ಕಂಡಳು, ಕೊನೆಗೆ ಮದುವೆ ಗೌನಿನಲ್ಲೂ ದೊಡ್ಡ ಹೆಸರಾದಳು. ಇವತ್ತು ಆ ಹೆಸರಿನ ಮದುವೆ ಗೌನಿಗೆ ಸಾವಿರಾರು ಪೌಂಡು. ಬೀದಿಯವರು ಹರಿದದ್ದನ್ನು ಪಿನ್ನು ಚುಚ್ಚಿ ತೊಟ್ಟದ್ದು ಬೇರೆ ಬಟ್ಟೆಗೆ ಕಾಸಿಲ್ಲದೆ, ಅಥವಾ ಬೇರೆ ಬಟ್ಟೆಯ ಮೇಲಿನ ಸಿಟ್ಟಿಗೆ. ಅದಕ್ಕೆ ಇಷ್ಟು ಬೆಲೆ ಕಟ್ಟಿದ್ದು ನನಗಂತೂ ಹಿಡಿಸುವುದಿಲ್ಲ. ಆದರೆ ಅವಳ ಮೇಲೆ ಪೂರ್ತಿ ಮುನಿಸಿಕೊಳ್ಳಲೂ ಆಗುವುದಿಲ್ಲ. 2022ರ ಮಾರ್ಚ್ 23ರಂದು ಲಂಡನ್ನಿನ ಬೆಲ್‌ಮಾರ್ಷ್ ಜೈಲಿನಲ್ಲಿ ಜೂಲಿಯನ್ ಅಸಾಂಜ್ ಮತ್ತು ಸ್ಟೆಲ್ಲಾ ಮೋರಿಸ್ ಮದುವೆಯಾದರು. ಗೌನು ವೆಸ್ಟ್‌ವುಡ್‌ಳದ್ದು. ಮುಸುಕಿನ ಮೇಲೆ ಗೋಡೆಬರಹದಂತೆ ಕಸೂತಿ ಮಾಡಿದ ಮಾತುಗಳು. ಒಳಗೆ ಬೆರಳೆಣಿಕೆಯ ಜನಕ್ಕೆ ಮಾತ್ರ ಪ್ರವೇಶ. ಮದುಮಗಳು ಕೇಕು ಕತ್ತರಿಸಿದ್ದು ಜೈಲಿನ ಗೇಟಿನ ಹೊರಗೆ, ರಸ್ತೆಯಲ್ಲಿ, ಸೇರಿದ್ದ ಜನರ ನಡುವೆ. ಅದೇ ವರ್ಷದ ಡಿಸೆಂಬರಿನಲ್ಲಿ ವೆಸ್ಟ್‌ವುಡ್ ತೀರಿಕೊಂಡಳು.

ದಾರಿಯಲ್ಲಿ ಅಕ್ಕನ ಮಗಳು ಮದುವೆ ಬಟ್ಟೆ ವ್ಯಾಪಾರದ ಪಂಚಾಂಗ ವಿವರಿಸಿದಳು. ನ್ಯೂಯಾರ್ಕಿನಲ್ಲಿ ಮುಂದಿನ ವಸಂತದ ಗೌನುಗಳು ಕಾಣಿಸಿಕೊಳ್ಳುವುದು ಹಿಂದಿನ ವರ್ಷದ ಏಪ್ರಿಲ್‌ನಲ್ಲಿ. ಬಾರ್ಸಿಲೋನಾದಲ್ಲಿ ಏಪ್ರಿಲ್ ಹೊತ್ತಿಗೆ ದೊಡ್ಡ ಮೇಳ. ಅಳತೆ ಕೊಟ್ಟ ಮೇಲೆ ಗೌನು ಕೈಗೆ ಬರಲು ತಿಂಗಳುಗಟ್ಟಲೆ ಬೇಕು. ಬೀದಿಯ ಗಾಳಿ ಮಾತ್ರ ವಾರಕ್ಕೊಮ್ಮೆ ತಿರುಗುತ್ತದೆ. ಹೀಗಾಗಿ ಬೀದಿಯಲ್ಲಿ ಬಂದು ಹೋಗುವ ಪ್ರಿಂಟು, ಬಣ್ಣ, ಬರಹ ಮದುವೆ ಉಡುಪಿಗೆ ಸೇರುವ ಮೊದಲೇ ಹಳತಾಗಿರುತ್ತವೆ. ಸೇರುವುದು ನಿಧಾನಕ್ಕೆ ನಿಲ್ಲುವಂಥವು: ಪ್ಯಾಂಟು, ಜಾಕೆಟ್ಟು, ಗಿಡ್ಡ ಉದ್ದಳತೆ, ಚಪ್ಪಟೆ ಶೂ, ಜೇಬು. ಆಲ್ಬಮ್ಮಿನಲ್ಲಿ ಮೂವತ್ತು ವರ್ಷ ಕೂರಬೇಕಾದ ಬಟ್ಟೆಗೆ ಹುಡುಗಿಯರು ಈ ವರ್ಷದ ಹುಚ್ಚನ್ನು ನಂಬುವುದಿಲ್ಲ, ನಂಬಬಾರದು ಕೂಡ. ಜೊತೆಗೆ ಈಗ ಕಳಚಿ ಬೇರೆ ಮಾಡುವ ಗೌನುಗಳೂ ಬಂದಿವೆ. ಮೇಲಿನ ದೊಡ್ಡ ಲಂಗ ಸೊಂಟದಲ್ಲಿ ಹುಕ್ಕಿನಿಂದ ನಿಂತಿರುತ್ತದೆ. ಚರ್ಚಿನಲ್ಲಿ ಅದು ಬೇಕು, ಕುಣಿಯುವ ಹೊತ್ತಿಗೆ ತೆಗೆದಿಟ್ಟರಾಯಿತು.

ಇದನ್ನೆಲ್ಲ ಕೇಳುವಾಗ ಊರಿನ ನೆನಪೊಂದು ಬಂತು. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ 1966ರಲ್ಲಿ ತೇಜಸ್ವಿ ಮದುವೆಯಾದರು. ಆ ಪದ್ಧತಿಯ ಮದುವೆಗಳಿಗೆ ಹೋದವರಿಗೆ ಗೊತ್ತು: ಪುರೋಹಿತರಿಲ್ಲ, ಮುಹೂರ್ತವಿಲ್ಲ, ಓದಿಸುವ ಪ್ರಮಾಣವಚನ ಕೆಲವೇ ನಿಮಿಷದ್ದು. ಅಲ್ಲಿ ಉಡುಪಿನ ಬಗ್ಗೆ ಯಾರೂ ಕಟ್ಟಪ್ಪಣೆ ಮಾಡಿಲ್ಲ, ಆದರೂ ನಾನು ನೋಡಿದ ಮದುಮಗಳಂದಿರು ಉಟ್ಟದ್ದು ಮಾರನೇ ದಿನ ಕಾಲೇಜಿಗೂ ಉಟ್ಟುಹೋಗಬಹುದಾದ ಸೀರೆ. ಮೂರು ದಿನದ ಮದುವೆ ಅರ್ಧ ಗಂಟೆಗೆ ಇಳಿದರೆ ಹತ್ತು ಸೇರಿನ ಸೀರೆಗೆ ಜಾಗವೆಲ್ಲಿ? ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಲು ಹೋದೆ. “ಸಾಹಿತ್ಯ ಆಮೇಲೆ. ಲೆಹೆಂಗಾ ಕೊಂಡ್ರಾ ಇಲ್ವಾ?” ಎಂದಳು.

ಲೆಹೆಂಗಾಕ್ಕೆ ಸೌತಾಲಿಗೇ ಹೋಗಬೇಕು. ಎಲಿಜಬೆತ್ ಲೈನಿನ ರೈಲಿಳಿದರೆ ಸ್ಟೇಷನ್ನಿನ ಫಲಕದಲ್ಲೇ ಗುರ್ಮುಖಿ ಅಕ್ಷರ. ಬ್ರಾಡ್‌ವೇ ರಸ್ತೆಯಲ್ಲಿ ಜಿಲೇಬಿ ಕರಿಯುವ ಬಾಣಲೆ, ಮಾವಿನ ಪೆಟ್ಟಿಗೆ, ಚಿನ್ನದ ಅಂಗಡಿ, ಗಾಜಿನ ಹಿಂದೆ ಸಾಲಾಗಿ ನಿಂತ ಲೆಹೆಂಗಾ ಗೊಂಬೆಗಳು. ವಸಂತವೆಂದು ಕೆಂಪು ಹಿಂದಕ್ಕೆ ಸರಿದು ಪಿಸ್ತಾ, ತಿಳಿ ಗುಲಾಬಿ, ನೇರಳೆ ಮುಂದಕ್ಕೆ ಬಂದಿದ್ದವು. ಬೆಂಗಳೂರಿನಲ್ಲಿ ಬೆಳೆದ ಅನುಷ್ಕಾ ಶರ್ಮಾ 2017ರಲ್ಲಿ ಇಟಲಿಯಲ್ಲಿ ಮದುವೆಯಾಗುವಾಗ ಸಬ್ಯಸಾಚಿಯ ತಿಳಿ ಗುಲಾಬಿ ಲೆಹೆಂಗಾ ಉಟ್ಟದ್ದೇ ಉಟ್ಟದ್ದು, ಮದುವೆಗೆ ಕೆಂಪೇ ಬೇಕೆಂಬ ಅತ್ತೆಯರ ಬಾಯಿ ಅರ್ಧ ಮುಚ್ಚಿತು.

ಅಕ್ಕನ ಮಗಳು ಆರಿಸಿದ್ದು ಬೆಣ್ಣೆ ಬಣ್ಣದ್ದು, ಕೆಳಗಿನ ಅಂಚಿಗೆ ಗೇಣಗಲ ಜರ್ದೋಸಿ. ಉದ್ದ ಹೆಚ್ಚಾಗಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಟೇಪು ಕೊರಳಿಗೆ ಹಾಕಿಕೊಂಡಿದ್ದ ಪೇಟದ ಟೈಲರ್ ಅಜ್ಜ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅಳತೆ ಹಿಡಿಯದೆ, ಮದುವೆ ದಿನದ ಚಪ್ಪಲಿ ಎಲ್ಲಿ ಎಂದ. ತಂದಿಲ್ಲ ಎಂದಳು. ಹಾಗಾದರೆ ಅಳತೆಯೂ ಇಲ್ಲ ಎಂದ. ನನಗೆ ಅರ್ಥವಾಗುವಷ್ಟು ಹಿಂದಿಯಲ್ಲಿ ಬಿಡಿಸಿ ಹೇಳಿದ. ಇಂಥ ಲೆಹೆಂಗಾವನ್ನು ಕೆಳಗಿನಿಂದ ಗಿಡ್ಡ ಮಾಡಲು ಬರುವುದಿಲ್ಲ, ಕತ್ತರಿ ಹಾಕಿದರೆ ಅಂಚಿನ ಕೆಲಸವೆಲ್ಲ ಹೋಯಿತು. ಸೊಂಟಪಟ್ಟಿ ಬಿಚ್ಚಿ ಮೇಲುಗಡೆಯಿಂದ ತೆಗೆಯಬೇಕು. ತೆಗೆದ ಮೇಲೆ ಎತ್ತರದ ಹೀಲ್ಸ್ ಹಾಕುತ್ತೇನೆಂದರೆ ಹರಡದ ಗಂಟೆಯ ಹಾಗೆ ಕಾಲ ಮೇಲೆ ತೂಗಾಡುತ್ತದೆ. ಹೀಲ್ಸಿಗೆ ಹೊಲಿದು ಚಪ್ಪಟೆ ಶೂ ಹಾಕಿದರೆ ಮುಗ್ಗರಿಸಿ ಬೀಳುವುದೇ.

ಅವಳು ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ಸ್ಟೂಲಿನಿಂದ ಇಳಿದು ಬಾಗಿಲಲ್ಲಿ ಬಿಟ್ಟಿದ್ದ ತನ್ನ ದಿನಬಳಕೆಯ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದು ಮತ್ತೆ ಹತ್ತಿದಳು. “ಇದಕ್ಕೆ ಅಳೀರಿ. ಬಲಗಡೆ ಒಂದು ಜೇಬು.”

ಅಜ್ಜ ಬೈಯುತ್ತಾನೆ ಅಂದುಕೊಂಡೆ. ಅವನಿಗೆ ಇದು ಹೊಸದಲ್ಲವೆಂದು ಕಾಣುತ್ತದೆ. ಫೋನಿನ ಭಾರಕ್ಕೆ ಜೇಬು ಜೋತುಬೀಳುತ್ತದೆ, ಸೊಂಟಪಟ್ಟಿಗೆ ಸೇರಿಸಿ ಹೊಲಿಯಬೇಕು, ಅದಕ್ಕೆ ಬೇರೆ ಕೂಲಿ ಎಂದ. ಇದನ್ನು ಉಟ್ಟುಕೊಂಡು ಶೂ ಕಳಚಿ ಕೂರುವ ಪ್ರಸಂಗ ಎಲ್ಲಾದರೂ ಉಂಟೇ ಎಂದು ಕೇಳಿದ. ಶಿವಮೊಗ್ಗದ ಆರತಕ್ಷತೆಗೂ ಇದನ್ನೇ ಉಡುವುದೆಂದಾಗಿತ್ತು; ಅಲ್ಲಿ ಹಿರಿಯರ ಕಾಲಿಗೆ ಬೀಳುವಾಗ ಶೂ ಬಿಡಲೇಬೇಕು. ಅದಕ್ಕೂ ಅವನಲ್ಲಿ ಉಪಾಯವಿತ್ತು. ಸೊಂಟದ ಒಳಗೆ ಒಂದು ಇಂಚು ಮಡಿಕೆ ಬಿಟ್ಟು ಒಳಗುಂಡಿ ಇಡುತ್ತೇನೆ, ಶೂ ಬಿಟ್ಟ ದಿನ ಗುಂಡಿ ಹಾಕಿ ಮೇಲೆತ್ತಿಕೋ ಎಂದ. ಬಾಯಲ್ಲಿ ಪಿನ್ನು ಕಚ್ಚಿಕೊಂಡು ನಾಲ್ಕು ಕಡೆ ಸೀಮೆಸುಣ್ಣದ ಗೆರೆ ಎಳೆದ. ಚೀಟಿಯಲ್ಲಿ ಗುರುವಾರ ಎಂದು ಬರೆದು ಕೊಡುವಾಗ ಅವಳ ಕಾಲಿನ ಕಡೆ ಮತ್ತೊಮ್ಮೆ ನೋಡಿ, ಟ್ರಯಲ್ಲಿಗೆ ಬರುವಾಗ ಅವನ್ನು ತೊಳೆದು ತಾ, ಮಣ್ಣು ಮೆತ್ತಿದರೆ ಅಂಚಿನ ಬೆಣ್ಣೆ ಬಣ್ಣಕ್ಕೆ ನಾನು ಜವಾಬ್ದಾರನಲ್ಲ ಎಂದ.